ಕನಸಿನ ದೇವನ ಹೆಸರಿನ ಮದ್ದು

ವೈದ್ಯರು ‘ಮಾರ್ಫಿನ್’ ಎಂದೊಡನೆ ರೋಗಿಯ ಮನೆಯವರು ಬೆಚ್ಚುವುದುಂಟು. ‘ಹಾಗಾದರೆ ಇನ್ನು ಆಸೆಯಿಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ‘ಅದು ಅಮಲಿನ ಪದಾರ್ಥವಲ್ಲವೇ?’ ಎಂಬುದು ಇನ್ನು ಕೆಲವರ ಅಳುಕು. ಈ ಹೆಸರು ಎಲ್ಲಿಂದ ಬಂತು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡೋಣ.

ಗ್ರೀಕ್ ಭಾಷೆಯಲ್ಲಿ ‘ಮಾರ್ಫೆ’ ಎಂದರೆ ರೂಪ. ಕಂಬಳಿಹುಳು ಚಿಟ್ಟೆಯಾಗುವುದಕ್ಕೆ ವಿಜ್ಞಾನದ ಪಾಠದಲ್ಲಿ ‘ಮೆಟಮಾರ್ಫಾಸಿಸ್’ ಎಂಬ ಪದವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಅದರಲ್ಲಿರುವುದೂ ಇದೇ ಪದ. ರೋಮನ್ ಕವಿ ಆವಿಡ್‌ನ ಕಾವ್ಯದಲ್ಲಿ ನಿದ್ರಾದೇವನ ಮಗನ ಹೆಸರು ಮಾರ್ಫಿಯಸ್. ಮಲಗಿದವರ ಕನಸಿನಲ್ಲಿ ಮನುಷ್ಯರ ರೂಪ ತಾಳಿ ಬರುವವನು ಈತ.

ಜರ್ಮನಿಯ ಔಷಧ ತಯಾರಕ ಫ್ರೀಡ್ರಿಕ್ ಸೆರ್ಟ್ಯೂರ್ನರ್ 19ನೇ ಶತಮಾನದ ಆರಂಭದಲ್ಲಿ ಅಫೀಮಿನ ಮುಖ್ಯ ಸತ್ವವನ್ನು ಬೇರ್ಪಡಿಸಿದ. ಅದು ನಿದ್ರೆ ಬರಿಸುತ್ತಿದ್ದುದರಿಂದ 1817ರ ತನ್ನ ಲೇಖನದಲ್ಲಿ ‘ಮಾರ್ಫಿಯಂ’ ಎಂದು ಕರೆದ. ಫ್ರಾನ್ಸಿನ ವಿಜ್ಞಾನಿ ಗೇ-ಲುಸಾಕ್ ಅದನ್ನು ‘ಮಾರ್ಫಿನ್’ ಎಂದು ಬದಲಿಸಿದ. ಅಂದಹಾಗೆ, ನಾವು ಪಾಯಸ ಮಾಡುವ ಗಸಗಸೆಯೂ ಅಫೀಮಿನ ಗಿಡದ್ದೇ. ಆದರೆ ಅಫೀಮು ಸಿಗುವುದು ಬೀಜದಿಂದಲ್ಲ, ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಿಂದ.

ಹೆಸರಿನಲ್ಲಿ ನಿದ್ರೆ, ಕನಸುಗಳಿದ್ದರೂ ವೈದ್ಯರು ಇದನ್ನು ಕೊಡುವುದು ಮುಖ್ಯವಾಗಿ ನೋವಿಗೆ. ದೊಡ್ಡ ಶಸ್ತ್ರಚಿಕಿತ್ಸೆ, ತೀವ್ರ ಗಾಯ, ಕ್ಯಾನ್ಸರ್ ಮುಂತಾದ ಸಂದರ್ಭಗಳಲ್ಲಿ ಮಿದುಳು ಮತ್ತು ಬೆನ್ನುಹುರಿಯಲ್ಲಿ ಇದು ನೋವಿನ ಸಂದೇಶವನ್ನು ತಗ್ಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಮಾರ್ಫಿನ್ ಕೊಟ್ಟರೆಂದ ಮಾತ್ರಕ್ಕೆ ರೋಗಿಯ ಕೊನೆಗಾಲ ಬಂತೆಂದು ಅರ್ಥವಲ್ಲ.

ಹಾಗೆಂದು ಸಲುಗೆ ಸಲ್ಲದು. ಪ್ರಮಾಣ ಮೀರಿದರೆ ಉಸಿರಾಟ ಕುಗ್ಗಿ ಪ್ರಾಣಕ್ಕೇ ಅಪಾಯ, ದುರ್ಬಳಕೆಯಾದರೆ ಚಟ. ಆದ್ದರಿಂದಲೇ 1985ರ ಮಾದಕವಸ್ತು ಕಾಯ್ದೆ ಇದರ ಮೇಲೆ ಬಿಗಿ ಹಿಡಿತವಿಟ್ಟಿತು. ನೋವಿನಿಂದ ನರಳುವವರಿಗೆ ಮದ್ದು ಸುಲಭವಾಗಿ ಸಿಗಲೆಂದು 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು.

ಹೆಸರಿಗೆ ಮರುಳಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಮಾರ್ಫಿನ್‌ನಿಂದ ತಯಾರಿಸಿದ ಇನ್ನೊಂದು ಮದ್ದನ್ನು ಜರ್ಮನಿಯ ಬೇಯರ್ ಕಂಪನಿ 1898ರಲ್ಲಿ ಕೆಮ್ಮಿಗೆಂದು ಮಾರಾಟಕ್ಕೆ ತಂದಿತು. ‘ವೀರೋಚಿತ’ ಎಂಬ ಅರ್ಥದ ಜರ್ಮನ್ ಪದದಿಂದ ಅದಕ್ಕೆ ಹೆಸರಿಟ್ಟಿತು. ಅದೇ ಹೆರಾಯಿನ್! ಆ ‘ವೀರ’ ಎಷ್ಟು ಮನೆಗಳನ್ನು ಹಾಳುಮಾಡಿತೆಂಬುದನ್ನು ಹೇಳಬೇಕಾಗಿಲ್ಲ.

ಮಕ್ಕಳು ಕೇಳಿದರೆ ಈ ಎರಡು ಹೆಸರುಗಳ ಕಥೆಯನ್ನೂ ಹೇಳಿ. ಮನೆಯ ಹಿರಿಯರಿಗೆ ವೈದ್ಯರು ಮಾರ್ಫಿನ್ ಬರೆದುಕೊಟ್ಟರೆ, ಎಷ್ಟು ಕೊಡಬೇಕು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು ಎಂದು ಅವರನ್ನೇ ಕೇಳಿ. ಬರೀ ಹೆಸರಿಗೆ ಹೆದರಿ ಅಜ್ಜಿಯನ್ನು ರಾತ್ರಿಯೆಲ್ಲ ನರಳಲು ಬಿಡಬೇಡಿ.