ಹೊಸ ಮೀನಿಗೆ ಹೊರಕೋಣೆ



ಕೋಲ್ಕತ್ತದಲ್ಲಿ ಹುಟ್ಟಿ ಬೆಳೆದ ನಿಮಗೆ ಮೀನಿನ ಮಾತು ಹೊಸತಲ್ಲ. ನಮ್ಮ ಸಂಘದ ಮನೆಗಳಲ್ಲಿ ಮೀನು ತಿನ್ನುವವರಿದ್ದಾರೆ, ಪಕ್ಕದ ಮನೆಯ ಒಗ್ಗರಣೆಗೇ ಕಿಟಕಿ ಮುಚ್ಚುವವರೂ ಇದ್ದಾರೆ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ವಿಷಯಕ್ಕೆ ಬಂದರೆ ಮಾತ್ರ ಈ ಎರಡು ಪಕ್ಷಗಳಿಗೂ ಜಗಳವಿಲ್ಲ. ಭಾನುವಾರ ಬೆಳಿಗ್ಗೆ ಬಾಗ್‌ಬಜಾರಿನ ಗ್ಯಾಲಿಫ್ ಸ್ಟ್ರೀಟಿನ ಸಂತೆಯಲ್ಲಿ ನಿಂತು ನೋಡಿ, ಗಪ್ಪಿ, ಗೋಲ್ಡ್‌ಫಿಶ್‌ಗಳ ಪ್ಲಾಸ್ಟಿಕ್ ಚೀಲ ಹಿಡಿದು ಹೋಗುವವರಲ್ಲಿ ನಿಮ್ಮ ವಯಸ್ಸಿನವರೇ ಹೆಚ್ಚು. ಅವರಲ್ಲಿ ಕೆಲವರು ಒಂದೆರಡು ವರ್ಷ ಸಿಹಿನೀರಿನ ಮೀನು ಸಾಕಿ, ಆಮೇಲೆ ಕಣ್ಣನ್ನು ಸಮುದ್ರದ ಮೀನಿನ ಮೇಲೆ ಹಾಕುತ್ತಾರೆ. ಈ ಸಲದ ಅಂಕಣ ಅಂಥವರಿಗೆ.

ಉಪ್ಪುನೀರಿನ ತೊಟ್ಟಿ ಇಡುವುದು ಹೇಗೆಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳಹೊರಟಿರುವುದು ಎರಡನೆಯ ತೊಟ್ಟಿಯ ಬಗ್ಗೆ. ಅದು ನೋಡಲು ಚೆನ್ನಾಗಿರುವುದಿಲ್ಲ, ಬಂದ ನೆಂಟರಿಗೆ ತೋರಿಸುವಂಥದ್ದೂ ಅಲ್ಲ. ಹೊಸದಾಗಿ ತಂದ ಮೀನನ್ನು ಕೆಲವು ವಾರ ಬೇರೆಯಾಗಿಟ್ಟು ನೋಡುವ ಕ್ವಾರಂಟೈನ್ ತೊಟ್ಟಿ ಅದು.

ಕ್ವಾರಂಟೈನ್ ಎಂದರೆ ವೆನಿಸ್ಸಿನ ಭಾಷೆಯಲ್ಲಿ 40 ದಿನ. ಅದಕ್ಕೂ ಮುಂಚೆ, 1377ರಲ್ಲಿ, ಈಗ ಡುಬ್ರೋವ್ನಿಕ್ ಎನ್ನುವ ರಗೂಸಾ ಬಂದರು ಪ್ಲೇಗಿನ ಊರುಗಳಿಂದ ಬಂದವರನ್ನು 30 ದಿನ ಹೊರಗೇ ನಿಲ್ಲಿಸಿತ್ತು. 1898ರಲ್ಲಿ ಕಲ್ಕತ್ತಕ್ಕೂ ಬೆಂಗಳೂರಿಗೂ ಒಂದೇ ವರ್ಷ ಪ್ಲೇಗು ಬಂದಿತು. ನಿಮ್ಮ ಅಜ್ಜಿಯ ಮನೆ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಇದ್ದರೆ, ಆ ಬಡಾವಣೆಗಳು ವೇಗವಾಗಿ ಬೆಳೆದದ್ದು ಆ ಭಯದ ನಂತರವೇ. 2020ರಲ್ಲಿ ಈ ಪದದ ಅರ್ಥವನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಮ್ಮ ಸರ್ಕಾರ ವಿದೇಶದಿಂದ ಬರುವ ವನ್ನಾಮಿ ಸೀಗಡಿಯ ತಾಯಿತಳಿಯನ್ನು ಚೆನ್ನೈನ ನೀಲಾಂಕರೈಯ ಜಲಚರ ಕ್ವಾರಂಟೈನ್ ಕೇಂದ್ರದಲ್ಲಿ ಪರೀಕ್ಷಿಸದೆ ರೈತರ ಕೊಳದ ಕಡೆ ಬಿಡುವುದಿಲ್ಲ. ಸೀಗಡಿಗೆ ಇರುವ ಈ ಮರ್ಯಾದೆ ನಿಮ್ಮ ಕ್ಲೌನ್ ಮೀನಿಗೂ ಇರಲಿ.

ಏಕೆ ಬೇಕು? ಹವಳದ ದಿಬ್ಬದ ಮೀನು ಕೋಲ್ಕತ್ತಕ್ಕೆ ಹತ್ತಿರದಿಂದ ಬರುವುದಿಲ್ಲ. ದೀಘಾದ ಸಮುದ್ರ ನಮಗೆ ಹತ್ತಿರವೇ, ಆದರೆ ಹೂಗ್ಲಿಯ ಕೆಸರು ಕಲೆತ ಆ ನೀರಿನಲ್ಲಿ ಹವಳ ಬೆಳೆಯದು. ನಮ್ಮ ಕನ್ನಡ ಕರಾವಳಿಯಲ್ಲಾದರೆ ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಊರಿಗೆ ಹೋದಾಗ ಮುಳುಗಿ ನೋಡಿ ಬನ್ನಿ, ಏನನ್ನೂ ಕಿತ್ತು ತರಬೇಡಿ. ಗಟ್ಟಿ ಹವಳ, ಸಮುದ್ರಕುದುರೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಅಂಗಡಿಯ ಮೀನು ರಾಮೇಶ್ವರದ ಕಡೆಯದೋ ವಿದೇಶದ್ದೋ ಆಗಿರುತ್ತದೆ. ಹಿಡಿದವನಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಚೀಲಕ್ಕೆ, ಚೀಲದಿಂದ ಅಂಗಡಿಗೆ, ಹೀಗೆ ನಾಲ್ಕಾರು ಕಡೆಯ ನೀರು ಕುಡಿದು ಬಂದಿರುತ್ತದೆ. ಎಷ್ಟೋ ಅಂಗಡಿಗಳಲ್ಲಿ ಎಲ್ಲ ತೊಟ್ಟಿಗಳಿಗೂ ಒಂದೇ ಫಿಲ್ಟರು. ಒಂದು ತೊಟ್ಟಿಯ ಹುಳ ಇಡೀ ಸಾಲಿಗೆ ಹಂಚಿಹೋಗುತ್ತದೆ.

ಆ ಹುಳಗಳಲ್ಲಿ ಮುಖ್ಯವಾದದ್ದು ಕ್ರಿಪ್ಟೋಕ್ಯಾರಿಯಾನ್. ಇದರ ಜೀವನಚಕ್ರ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮೀನಿನ ಚರ್ಮದೊಳಗೆ ಸೇರಿ ತಿನ್ನುವಾಗ ಅದು ಉಪ್ಪಿನ ಕಾಳಿನಂತೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. 3ರಿಂದ 7 ದಿನ ತಿಂದು ಕೆಳಗೆ ಉದುರಿ, ಮರಳಿಗೋ ಗಾಜಿಗೋ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ಒಂದು ನೂರಾರಾಗುತ್ತದೆ. ಕೋಶ ಒಡೆದು ಮರಿಗಳು ಹೊರಬರಲು ಕಡಿಮೆಯೆಂದರೆ ಮೂರು ದಿನ ಬೇಕು. ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಬರುತ್ತವೆ, ಒಂದು ಪ್ರಯೋಗದಲ್ಲಿ 72 ದಿನದವರೆಗೂ ಬಂದದ್ದುಂಟು. ಹೊರಬಂದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು.

ಈಗ ಇದರ ಮೋಸ ನೋಡಿ. ಹೊಸ ಮೀನಿನ ಮೈಮೇಲೆ ನಾಲ್ಕು ಚುಕ್ಕೆ ಕಂಡವು, ಮೂರು ದಿನದಲ್ಲಿ ತಾವಾಗಿಯೇ ಮಾಯವಾದವು. ವಾಸಿಯಾಯಿತು ಎಂದು ನೀವು ಸಂತೋಷಪಡುತ್ತೀರಿ. ವಾಸಿಯಾದದ್ದೇನೂ ಇಲ್ಲ, ಹುಳ ಕೆಳಗಿಳಿದು ಮರಿ ಮಾಡುತ್ತಿದೆ. ಎರಡನೆಯ ಸಲ ಬರುವಾಗ ಅದು ಸೈನ್ಯದೊಂದಿಗೆ ಬಂದು ಕಿವಿರಿನೊಳಗೆ ಕೂರುತ್ತದೆ. ತೊಟ್ಟಿಯಲ್ಲಿದ್ದ ಹಳೆಯ ಮೀನುಗಳೂ ಸೇರಿ ಎಲ್ಲವೂ ಹೋಗಬಹುದು. ಆಗ ಔಷಧಿ ಹುಡುಕುವುದೆಂದರೆ ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಔಷಧಿಯನ್ನು ದೊಡ್ಡ ತೊಟ್ಟಿಗೆ ಹಾಕುವಂತೆಯೂ ಇಲ್ಲ, ಹುಳ ಕೊಲ್ಲುವ ತಾಮ್ರ ಸೀಗಡಿ, ಬಸವನಹುಳಗಳನ್ನೂ ಕೊಲ್ಲುತ್ತದೆ. ಉಳಿಯುವ ದಾರಿ ಒಂದೇ: ಮೀನನ್ನೆಲ್ಲ ಹೊರತೆಗೆದು ದೊಡ್ಡ ತೊಟ್ಟಿಯನ್ನು 76 ದಿನ ಖಾಲಿ ಬಿಡುವುದು. ಹಾಗೆ ಹೊರತೆಗೆದ ಮೀನಿಗೂ ಬೇರೆ ತೊಟ್ಟಿ ಬೇಕೇ ಬೇಕಲ್ಲ? ಆ ತೊಟ್ಟಿಯನ್ನು ಮೊದಲೇ ಇಟ್ಟರೆ ಲೇಸು.

ಇಡುವುದು ಕಷ್ಟವಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಸಾದಾ ಗಾಜಿನ ತೊಟ್ಟಿ ಸಾಕು. ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು ತುಂಬಿದರೆ ಸುಮಾರು 45 ಲೀಟರು ಹಿಡಿಯುತ್ತದೆ. ಲೀಟರಿಗೆ 35 ಗ್ರಾಮಿನ ಮೇಲೆ ಸ್ವಲ್ಪ ಎಂದು ಲೆಕ್ಕ ಹಾಕಿದರೆ 1.6ರಿಂದ 1.8 ಕಿಲೋ ಸಮುದ್ರದ ಉಪ್ಪಿನ ಮಿಶ್ರಣ ಬೇಕು; ಅಡುಗೆಮನೆಯ ಉಪ್ಪು ನಡೆಯದು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಆರ್‌ಓ ನೀರು ಒಳ್ಳೆಯದು. ತಳದಲ್ಲಿ ಮರಳು, ಕಲ್ಲು ಏನೂ ಬೇಡ. ಅವು ಔಷಧಿ ಹೀರುತ್ತವೆ, ಹುಳದ ಕೋಶಕ್ಕೆ ಮನೆಯೂ ಆಗುತ್ತವೆ. ಮೀನು ಅಡಗಲು ಪಿವಿಸಿ ಪೈಪಿನ ಎರಡು ಮೊಣಕೈ ತುಂಡು ಹಾಕಿ. ಮೇಲೆ ಮುಚ್ಚಳ ಇರಲಿ, ಹೆದರಿದ ಮೀನು ಹಾರುತ್ತದೆ.

ಫಿಲ್ಟರಿಗೆ ಗಾಳಿ ಪಂಪಿನ ಸ್ಪಂಜೇ ಸಾಕು, ಆದರೆ ಆ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ಮೊದಲೇ ನೆಲೆಸಿರಬೇಕು. ನಿಮ್ಮ ದೊಡ್ಡ ತೊಟ್ಟಿಗೆ ಇನ್ನೂ ಮೀನು ಬಿಟ್ಟಿಲ್ಲವಾದರೆ ಅದರಲ್ಲೇ ಒಂದು ತಿಂಗಳು ಇಟ್ಟು ತೆಗೆಯಿರಿ. ಪರೀಕ್ಷಿಸದ ಮೀನು ಈಗಾಗಲೇ ಅಲ್ಲಿದ್ದರೆ ಆ ಸ್ಪಂಜು ಬೇಡ, ಶೀಶೆಯ ಬ್ಯಾಕ್ಟೀರಿಯಾದಿಂದ ಬೇರೆಯಾಗಿ ತಯಾರಿಸಿ. ಅಮೋನಿಯಾ ಪರೀಕ್ಷೆಯ ಕಿಟ್ ತಪ್ಪದೆ ಕೊಳ್ಳಿ. ಸಮುದ್ರದ ನೀರು ಕ್ಷಾರೀಯ. ಅಷ್ಟೇ ಅಮೋನಿಯಾ ತಟಸ್ಥ ಸಿಹಿನೀರಿಗಿಂತ ಇಲ್ಲಿ ಸುಮಾರು ಹತ್ತು ಪಟ್ಟು ವಿಷ.

ನಮ್ಮ ಊರಿನ ಹವೆಯ ಬಗ್ಗೆ ಎರಡು ಮಾತು. ನೀರು 25-26 ಡಿಗ್ರಿ ಇರಬೇಕು. ಜನವರಿಯ ರಾತ್ರಿಗೆ ಹೀಟರು ಬೇಕು. ಮೇ ತಿಂಗಳಲ್ಲಿ ನೀರಿನ ಮೇಲೆ ಫ್ಯಾನು ಹಾಕಿ ತಣಿಸುವ ಉಪಾಯ ಬೆಂಗಳೂರಿನಲ್ಲಿ ನಡೆದಷ್ಟು ಇಲ್ಲಿ ನಡೆಯದು, ಗಾಳಿಯಲ್ಲೇ ನೀರಿದ್ದರೆ ತೊಟ್ಟಿಯ ನೀರು ಆರುವುದೆಲ್ಲಿಗೆ? ಮೀನು ಕೊಳ್ಳುವುದನ್ನು ನವೆಂಬರಿಗೆ ಮುಂದೂಡಿ ಎಂಬುದು ನನ್ನ ಸಲಹೆ. ಆರಿದ ಲೆಕ್ಕಕ್ಕೆ ಸಿಹಿನೀರನ್ನೇ ತುಂಬಿ, ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಾಲ್‌ಬೈಸಾಖಿಯ ಸಂಜೆ ಕರೆಂಟು ಹೋದರೆ ಕೈಕೊಡದಂತೆ ಬ್ಯಾಟರಿಯ ಗಾಳಿ ಪಂಪು ಒಂದಿರಲಿ.

ಮೀನು ಮನೆಗೆ ಬಂದ ದಿನ ಎಲ್ಲರೂ ಮಾಡುವುದು ಗಂಟೆಗಟ್ಟಲೆ ಚೀಲಕ್ಕೆ ಹನಿಹನಿ ನೀರು ಬಿಡುವುದು. ದೂರದಿಂದ ಬಂದ ಚೀಲಕ್ಕೆ ಇದು ಸಲ್ಲದು. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ನೀರು ಸ್ವಲ್ಪ ಆಮ್ಲೀಯವಾಗಿ, ಅಮೋನಿಯಾದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಆ ವಿಷ ಏಳುತ್ತದೆ. ಅಂಗಡಿಯ ನೀರಿನ ಉಪ್ಪು ಎಷ್ಟೆಂದು ಮೊದಲೇ ಕೇಳಿ, ನಿಮ್ಮ ತೊಟ್ಟಿಯನ್ನು ಅದಕ್ಕೇ ಹೊಂದಿಸಿ. ಚೀಲವನ್ನು ಕಾಲು ಗಂಟೆ ತೇಲಿಸಿ, ಮೀನನ್ನು ಮಾತ್ರ ಬಿಟ್ಟು, ಚೀಲದ ನೀರು ಚೆಲ್ಲಿಬಿಡಿ. ಉಪ್ಪನ್ನು ಮುಂದೆ ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಬಹುದು.

ಚಿಕಿತ್ಸೆಗೆ ಎರಡು ದಾರಿ. ಒಂದು ತಾಮ್ರ. ತಾಮ್ರದ ತಂಬಿಗೆಯ ನೀರು ನಮಗೆ ಒಳ್ಳೆಯದೆಂದು ಅಜ್ಜಿ ಹೇಳುತ್ತಾರೆ. ಇಲ್ಲಿ ಅಳತೆಯೇ ಎಲ್ಲ. ಸಾಮಾನ್ಯ ತಾಮ್ರವಾದರೆ ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ, ಕಡಿಮೆಯಾದರೆ ಹುಳ ಸಾಯದು, ಹೆಚ್ಚಾದರೆ ಮೀನು ಉಳಿಯದು. ಚೀಲೇಟೆಡ್ ಬಗೆಯ ಅಳತೆ ಬೇರೆ, ಶೀಶೆಯ ಮೇಲಿನದನ್ನೇ ನಂಬಿ. ತಾಮ್ರ ಕೊಲ್ಲುವುದು ಈಜುವ ಮರಿಯನ್ನು ಮಾತ್ರ, ಅದಕ್ಕೇ ವಾರಗಟ್ಟಲೆ ಒಂದೇ ಮಟ್ಟದಲ್ಲಿ ಹಿಡಿಯಬೇಕು. ಅಮೋನಿಯಾ ಕಟ್ಟುವ ದ್ರಾವಣವನ್ನು ತಾಮ್ರದೊಂದಿಗೆ ಎಂದೂ ಬೆರೆಸಬೇಡಿ.

ಇನ್ನೊಂದು ದಾರಿ ಬದಲಿ ತೊಟ್ಟಿ. ಪಾಕೆಟ್ ಮನಿಯಲ್ಲಿ ಸಾಕುವವರಿಗೆ ನನ್ನ ಓಟು ಇದಕ್ಕೆ. 20 ಲೀಟರಿನ ಹೊಸ ಬಕೆಟ್ಟುಗಳು, ಔಷಧಿಯಿಲ್ಲ. ಹುಳದ ಕೋಶ ಒಡೆಯಲು ಮೂರು ದಿನ ಬೇಕೆಂದೆನಲ್ಲ? 72 ಗಂಟೆಯೊಳಗೆ ಮೀನನ್ನು ಹೊಸ ನೀರಿನ ಬಕೆಟ್ಟಿಗೆ ದಾಟಿಸಿದರೆ ಉದುರಿದ ಹುಳ ಹಿಂದೆಯೇ ಉಳಿಯುತ್ತದೆ. 1ನೇ ದಿನ ಬಂದ ಮೀನು 4, 7, 10, 13ನೇ ದಿನ ದಾಟುತ್ತದೆ. ಕಡೆಯ ದಾಟು ಸಿದ್ಧವಾಗಿರುವ ಗಾಜಿನ ತೊಟ್ಟಿಗೆ. ಬಿಟ್ಟ ಬಕೆಟ್ಟು, ಪೈಪು, ಬಲೆ ತೊಳೆದು ಪೂರ್ತಿ ಒಣಗಬೇಕು. ಶ್ರಾವಣದಲ್ಲಿ ಬಟ್ಟೆಯೇ ಒಣಗದ ಊರು ಇದು, ಮಳೆಗಾಲವಾದರೆ ಮೂರು ಬಕೆಟ್ಟು ಸರದಿಯಲ್ಲಿಡಿ. ಅಮ್ಮನ ಸ್ನಾನದ ಬಕೆಟ್ಟು ಬೇಡ. ಸೋಪಿನ ಅಂಶಕ್ಕೂ ಅಪಾಯ, ನಿಮಗೂ ಅಪಾಯ.

ಬದಲಿ ತೊಟ್ಟಿ ಬಿಳಿ ಚುಕ್ಕೆಗೆ ಮಾತ್ರ ಮದ್ದು. ಮೈಮೇಲೆ ಧೂಳು ಚಿಮುಕಿಸಿದಂತೆ ಕಂಡು, ಮೀನು ಬಿರುಸಾಗಿ ಉಸಿರಾಡಿದರೆ ಅದು ವೆಲ್ವೆಟ್ ರೋಗ, ಎರಡು ಮೂರು ದಿನದಲ್ಲಿ ಮುಗಿಸುತ್ತದೆ. ಆಗ ತಾಮ್ರ ಕೈಯಲ್ಲೇ ಇರಬೇಕು. ಚಪ್ಪಟೆ ಹುಳಕ್ಕೆ ಪ್ರಾಜಿಕ್ವಾಂಟೆಲ್. ಇವನ್ನೆಲ್ಲ ಗಮನಿಸಲು 13ನೇ ದಿನದ ನಂತರವೂ ಎರಡು ಮೂರು ವಾರ ಗಾಜಿನ ತೊಟ್ಟಿಯಲ್ಲಿಡಿ. ಈ ದಿನಗಳಲ್ಲೇ ಮೀನು ನಿಮ್ಮ ಕೈಯ ಆಹಾರ ಕಲಿಯುವುದು.

ಇಷ್ಟೆಲ್ಲ ಮಾಡುವ ಜಾಗವೂ ಹಣವೂ ಇಲ್ಲವೆಂದರೆ ಸಮುದ್ರದ ಮೀನು ಸದ್ಯಕ್ಕೆ ಬೇಡ ಎಂದೇ ಹೇಳುತ್ತೇನೆ. ಹವಳದಿಂದ ಹಿಡಿದು ತಂದ ಮೀನು ಬಾಲಿಗಂಜಿನ ಫ್ಲ್ಯಾಟಿನಲ್ಲಿ ವಾರದೊಳಗೆ ಸಾಯುವುದಕ್ಕೆ ಅಷ್ಟು ದೂರ ಬರಬೇಕಾಗಿರಲಿಲ್ಲ. ಇಡುವುದಾದರೆ ಮೊದಲ ಮೀನು ಮರಿಕೇಂದ್ರದಲ್ಲಿ ಹುಟ್ಟಿದ ಕ್ಲೌನ್ ಆಗಿರಲಿ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂಗಳಲ್ಲಿ ಇದನ್ನು ಸಾಧಿಸಿದ್ದಾರೆ. ಅದನ್ನೂ ಬೇರೆಯೇ ಇಡಿ, ಅಂಗಡಿಯ ನೀರು ಅದಕ್ಕೂ ತಗುಲಿರುತ್ತದೆ.

ದೊಡ್ಡ ತೊಟ್ಟಿಗೆ ಬಿಡುವ ರಾತ್ರಿ ದೀಪ ಆರಿಸಿರಿ, ಹಳೆಯ ಮೀನುಗಳ ರೌಡಿತನ ಕಡಿಮೆಯಾಗುತ್ತದೆ. ತಾಮ್ರ ಕಂಡ ಸ್ಪಂಜು ಮಾತ್ರ ಎಂದಿಗೂ ದೊಡ್ಡ ತೊಟ್ಟಿಗೆ ಹೋಗಬಾರದು. ಉಪ್ಪುನೀರಿನ ಆಹಾರದ ಬಗ್ಗೆ ಮುಂದಿನ ಸಂಚಿಕೆಯಲ್ಲಿ.