ಎಳೆಯ ಗ್ರಹಗಳ ಕಕ್ಷೆಯ ಓರೆಯನ್ನು ಅಳೆಯುವ ಬಗೆ: ಸಾರ್ವಜನಿಕರಿಗೆ ಮಾಹಿತಿ

ಸೂರ್ಯನ ಹೊರತಾಗಿ ಇತರ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಕುರಿತು ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಪ್ರಕಟವಾಗುತ್ತಿದ್ದು, ಅವುಗಳ ಪೈಕಿ ಹುಟ್ಟಿ ಹೆಚ್ಚು ಕಾಲವಾಗದ ಗ್ರಹಗಳ ಕಕ್ಷೆ ನೇರವೋ ಓರೆಯೋ ಎಂಬ ಪ್ರಶ್ನೆ ವಿಶೇಷ ಚರ್ಚೆಗೆ ಒಳಗಾಗಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ವಿದ್ಯಾರ್ಥಿಗಳು, ಪಾಲಕರು ಹಾಗೂ ಆಸಕ್ತ ನಾಗರಿಕರ ತಿಳಿವಳಿಕೆಗಾಗಿ ಈ ವಿಷಯವನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

ರಾಶಿಯ ಕಣದ ನಡುವೆ ಮೇಟಿ ನೆಟ್ಟು ಎತ್ತುಗಳನ್ನು ಸುತ್ತಿಸುವ ಪದ್ಧತಿಯನ್ನು ಹಿರಿಯರು ಬಲ್ಲರು. ನಕ್ಷತ್ರದ ಅಕ್ಷವನ್ನು ಮೇಟಿಯೆಂದೂ ಗ್ರಹದ ಕಕ್ಷೆಯನ್ನು ಎತ್ತುಗಳು ತುಳಿಯುವ ದಾರಿಯೆಂದೂ ಭಾವಿಸಬಹುದು. (ಮೇಟಿ ತಿರುಗುವುದಿಲ್ಲ, ನಕ್ಷತ್ರ ತಿರುಗುತ್ತದೆ; ಹೋಲಿಕೆಯ ಮಿತಿ ಇಷ್ಟೇ.) ನಕ್ಷತ್ರವೂ ಅದರ ಗ್ರಹಗಳೂ ಒಂದೇ ಅನಿಲ ಮತ್ತು ಧೂಳಿನ ರಾಶಿಯಿಂದ ಉಂಟಾಗುವುದರಿಂದ ಕಕ್ಷೆಯು ನಕ್ಷತ್ರದ ಸಮಭಾಜಕದ ನೇರಕ್ಕೆ ಇರಬೇಕೆಂಬುದು ಸಹಜವಾದ ನಿರೀಕ್ಷೆ. ಸೂರ್ಯನ ಸಮಭಾಜಕಕ್ಕೂ ಭೂಮಿಯ ಕಕ್ಷೆಗೂ ಇರುವ ವ್ಯತ್ಯಾಸ ಸುಮಾರು 7 ಡಿಗ್ರಿ ಮಾತ್ರ. ಆದರೆ 2009ರಲ್ಲಿ ವಾಸ್ಪ್-17 ಎಂಬ ನಕ್ಷತ್ರದ ಗ್ರಹವು ನಕ್ಷತ್ರ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತಿರುವ ಸೂಚನೆ ದೊರೆಯಿತು. ತರುವಾಯ ಇಂತಹ ಹಲವು ಓರೆ ಕಕ್ಷೆಗಳು ಪತ್ತೆಯಾದವು. ಈ ಓರೆ ಹುಟ್ಟಿನಿಂದ ಬಂದದ್ದೇ ಅಥವಾ ನೆರೆಯ ಗ್ರಹ, ನಕ್ಷತ್ರಗಳ ಸೆಳೆತದಿಂದ ಕಾಲಾನಂತರದಲ್ಲಿ ಉಂಟಾದದ್ದೇ ಎಂಬುದು ಇತ್ಯರ್ಥವಾಗಬೇಕಿದೆ. ಕೋಟ್ಯಂತರ ವರ್ಷ ಕಳೆದ ಗ್ರಹಗಳಿಂದ ಇದಕ್ಕೆ ಉತ್ತರ ಸಿಗುವುದು ಕಷ್ಟ. ಆದ್ದರಿಂದಲೇ ಎಳೆಯ ಗ್ರಹಗಳಿಗೆ ಇಷ್ಟೊಂದು ಮಹತ್ವ.

ಅಳತೆಯ ವಿಧಾನ ಹೀಗಿದೆ. ತಿರುಗುತ್ತಿರುವ ನಕ್ಷತ್ರದ ಒಂದು ಪಾರ್ಶ್ವ ನಮ್ಮತ್ತ ಬರುತ್ತಿರುತ್ತದೆ, ಇನ್ನೊಂದು ಪಾರ್ಶ್ವ ದೂರ ಸರಿಯುತ್ತಿರುತ್ತದೆ. ಬರುತ್ತಿರುವ ಪಾರ್ಶ್ವದ ಬೆಳಕು ತುಸು ನೀಲಿಯ ಕಡೆಗೂ, ಸರಿಯುತ್ತಿರುವ ಪಾರ್ಶ್ವದ ಬೆಳಕು ತುಸು ಕೆಂಪಿನ ಕಡೆಗೂ ಜರುಗುತ್ತದೆ. ಗ್ರಹವು ನಕ್ಷತ್ರದ ಮುಂದೆ ಹಾದುಹೋಗುವಾಗ ಮೊದಲು ಒಂದನ್ನು, ಅನಂತರ ಇನ್ನೊಂದನ್ನು ಮರೆಮಾಡುತ್ತದೆ. ಕಕ್ಷೆ ನೇರವಾಗಿದ್ದಲ್ಲಿ ನಕ್ಷತ್ರವು ಮೊದಲು ದೂರ ಸರಿದಂತೆಯೂ ನಂತರ ಹತ್ತಿರ ಬಂದಂತೆಯೂ ತೋರುತ್ತದೆ. ವಿರುದ್ಧ ದಿಕ್ಕಿನದಾಗಿದ್ದಲ್ಲಿ ಕ್ರಮ ತಿರುವುಮುರುವಾಗುತ್ತದೆ. ಓರೆಯಾಗಿದ್ದಲ್ಲಿ ಎರಡು ಭಾಗಗಳು ಸಮನಾಗಿರುವುದಿಲ್ಲ. 1924ರಲ್ಲಿ ರಾಸಿಟರ್ ಮತ್ತು ಮೆಕ್‌ಲಾಫ್ಲಿನ್ ಇದನ್ನು ಜೋಡಿ ನಕ್ಷತ್ರಗಳಲ್ಲಿ ಗುರುತಿಸಿದರು. ಗ್ರಹವೊಂದರ ವಿಷಯದಲ್ಲಿ ಎಚ್‌ಡಿ 209458 ನಕ್ಷತ್ರದ ಅಳತೆ 2000ದಲ್ಲಿ ಪ್ರಕಟವಾಯಿತು. 2012ರ ಜೂನ್ 6ರಂದು ನಮ್ಮ ನಾಡಿನಲ್ಲೂ ಸೂರ್ಯೋದಯದ ವೇಳೆಗೆ ನಡೆಯುತ್ತಿದ್ದ ಶುಕ್ರ ಸಂಕ್ರಮದಲ್ಲಿಯೂ, ಚಂದ್ರನಿಂದ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಪರೀಕ್ಷಿಸಿ ಇದೇ ಪರಿಣಾಮವನ್ನು ಯುರೋಪಿನ ಖಗೋಳಜ್ಞರು ಕಂಡುಕೊಂಡರು. ಆಗಿನ ವ್ಯತ್ಯಾಸ ಸೆಕೆಂಡಿಗೆ ಸುಮಾರು 1 ಮೀಟರ್, ಅಂದರೆ ಮನುಷ್ಯನ ನಡಿಗೆಯ ವೇಗಕ್ಕಿಂತಲೂ ಕಡಿಮೆ.

ಎಳೆಯ ನಕ್ಷತ್ರಗಳ ಮೈಮೇಲೆ ಕಲೆಗಳು ಹೆಚ್ಚು. ಅವು ಅಳತೆಯನ್ನು ಕೆಡಿಸುತ್ತವೆ. ಆದರೆ ಅವು ವೇಗವಾಗಿ ತಿರುಗುವುದರಿಂದ ಬೇಕಾದ ಸಂಕೇತವೂ ದೊಡ್ಡದಾಗಿರುತ್ತದೆ. ಎಯು ಮೈಕ್ರೋಸ್ಕೋಪಿ ಇದಕ್ಕೆ ಉತ್ತಮ ನಿದರ್ಶನ. ಸುಮಾರು 32 ಜ್ಯೋತಿರ್ವರ್ಷ ದೂರದ, ಎರಡು ಕೋಟಿ ವರ್ಷಗಳಿಗಿಂತ ತುಸು ಹೆಚ್ಚು ವಯಸ್ಸಿನ ಈ ನಕ್ಷತ್ರ 5 ದಿನಗಳೊಳಗೆ ಒಂದು ಸುತ್ತು ತಿರುಗುತ್ತದೆ. ಸೂರ್ಯನಿಗೆ ಇದಕ್ಕೆ ಸುಮಾರು 25 ದಿನ ಬೇಕು. ಸೆಪ್ಟೆಂಬರ್ ಕೊನೆಯ ರಾತ್ರಿಗಳಲ್ಲಿ ಕೊಪ್ಪಳದ ದಕ್ಷಿಣಾಕಾಶದಲ್ಲಿ ಇದು 43 ಡಿಗ್ರಿಯಷ್ಟು ಎತ್ತರಕ್ಕೆ ಬರುತ್ತದೆಯಾದರೂ ಬರಿಗಣ್ಣಿಗೆ ಕಾಣದು. ಎಂಟೂವರೆ ದಿನಗಳಲ್ಲಿ ಇದನ್ನು ಸುತ್ತುವ ಗ್ರಹ 2020ರಲ್ಲಿ ಪ್ರಕಟವಾಯಿತು. ಅದೇ ವರ್ಷ ಒಂದಕ್ಕಿಂತ ಹೆಚ್ಚು ತಂಡಗಳು ಪ್ರತ್ಯೇಕವಾಗಿ ಅಳೆದು, ಕಕ್ಷೆಯು ಬಹುತೇಕ ನೇರವಾಗಿದೆಯೆಂದು ತಿಳಿಸಿದವು. ಡಿಎಸ್ ಟುಕಾನೆ, ವಿ1298 ಟೌರಿ ಮುಂತಾದ ಎಳೆಯ ನಕ್ಷತ್ರಗಳಲ್ಲಿಯೂ ಫಲಿತಾಂಶ ಹೆಚ್ಚುಕಡಿಮೆ ಇದೇ ಆಗಿದೆ.

ಇದರಿಂದ ಗ್ರಹಗಳೆಲ್ಲವೂ ನೇರವಾಗಿಯೇ ಹುಟ್ಟುತ್ತವೆ, ಓರೆ ನಂತರದ್ದು ಎಂದು ಘೋಷಿಸುವುದು ಅವಸರವಾದೀತು. ಅಳೆಯಲಾದ ಎಳೆಯ ಗ್ರಹಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವು ಗುರುಗ್ರಹಕ್ಕಿಂತ ಚಿಕ್ಕವು. ಓರೆಯೆಂದು ಹೆಸರಾದ ಹಳೆಯ ಗ್ರಹಗಳಾದರೋ ಬಹುತೇಕ ಗುರುವಿನಂತಹ ದೈತ್ಯರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮೇಲಾಗಿ ಈ ವಿಧಾನದಿಂದ ತಿಳಿಯುವುದು ಆಕಾಶದಲ್ಲಿ ನಮಗೆ ಕಾಣುವ ಕೋನ ಮಾತ್ರ. ನಕ್ಷತ್ರದ ಅಕ್ಷ ನಮ್ಮತ್ತ ಎಷ್ಟು ವಾಲಿದೆಯೆಂಬುದನ್ನು ಬೇರೆಯಾಗಿ ಕಂಡುಹಿಡಿಯಬೇಕು. 2024ರ ನವೆಂಬರ್‌ನಲ್ಲಿ ಪ್ರಕಟವಾದ, ವೃಷಭ ರಾಶಿಯ ದಿಕ್ಕಿನ ಸುಮಾರು 30 ಲಕ್ಷ ವರ್ಷ ವಯಸ್ಸಿನ ನಕ್ಷತ್ರದ ಗ್ರಹ ಇನ್ನೊಂದು ತೊಡಕನ್ನು ಮುಂದಿಟ್ಟಿದೆ: ಅಲ್ಲಿ ಗ್ರಹ ನಮ್ಮ ದೃಷ್ಟಿರೇಖೆಯಲ್ಲಿ ಹಾದುಹೋಗುತ್ತದೆ, ಆದರೆ ಹೊರಗಿನ ಧೂಳಿನ ತಟ್ಟೆಯೇ ಬಹಳ ಓರೆಯಾಗಿದೆ. ಕಣವೇ ವಾಲಿದ್ದರೆ ಎತ್ತನ್ನು ದೂಷಿಸಿ ಫಲವೇನು?

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಿಂದಲೇ ನಿಯಂತ್ರಿಸುತ್ತದೆ. ಹಾನ್ಲೆ ಹಾಗೂ ಕಾವಲೂರಿನ ದೂರದರ್ಶಕಗಳಿಂದ ಇಂತಹ ಗ್ರಹಗಳ ಹಾದುಹೋಗುವಿಕೆಯನ್ನು ವೀಕ್ಷಿಸಲಾಗಿದೆ.

ಈ ಕ್ಷೇತ್ರದಲ್ಲಿ ಸಂಶೋಧನೆ ಕೈಗೊಳ್ಳಬಯಸುವವರು ಭೌತಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗದ ಹಂತದಲ್ಲಿ ಜೆಸ್ಟ್ ಮುಂತಾದ ರಾಷ್ಟ್ರಮಟ್ಟದ ಪರೀಕ್ಷೆಗಳಿಗೆ ಅರ್ಜಿ ಸಲ್ಲಿಸಬಹುದು. ಸಂವಿಧಾನದ 371(ಜೆ) ಅನುಚ್ಛೇದದ ಮೀಸಲಾತಿ ಕೇಂದ್ರದ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ. ಆದರೆ ಅದಕ್ಕೂ ಮುಂಚಿನ ಹಂತದಲ್ಲಿ ಈ ಭಾಗದ ಸಂಸ್ಥೆಗಳಲ್ಲಿ ಪ್ರವೇಶ ಕೋರುವಾಗ ಅದು ಉಪಯುಕ್ತವಾಗಿದ್ದು, ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳಿಂದ ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಸೂಕ್ತ.