ವೃತ್ತ ನಕ್ಷೆ: ಬರೆಸುವುದಷ್ಟೇ ಸಾಲದು, ಓದಿಸಬೇಕು

ಬೋಧನಾಭ್ಯಾಸದಲ್ಲಿ ವೃತ್ತ ನಕ್ಷೆಯ ಪಾಠ ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಸಾಗುತ್ತದೆ. ಕೋಷ್ಟಕ ಬರೆದು, ಪ್ರತಿ ಸಂಖ್ಯೆಯನ್ನು ಮೊತ್ತದಿಂದ ಭಾಗಿಸಿ 360ರಿಂದ ಗುಣಿಸಿ, ಕೋನಮಾಪಕದಿಂದ ಭಾಗ ಮಾಡಿ ಬಣ್ಣ ತುಂಬಿದರೆ ಪಾಠ ಮುಗಿಯಿತು. ಕೋನಗಳ ಮೊತ್ತ 360° ಬಂದರೆ ಕಲಿಕೆಯ ಉದ್ದೇಶ ಈಡೇರಿತೆಂದು ಅವಲೋಕಕರಾದ ನಾವೂ ಒಪ್ಪಿಬಿಡುತ್ತೇವೆ. ಆದರೆ ಇದರಿಂದ ಮಗು ನಕ್ಷೆ ಬರೆಯುವುದನ್ನು ಕಲಿಯುತ್ತದೆಯೇ ಹೊರತು ಓದುವುದನ್ನಲ್ಲ.

ಒಂದು ಉದಾಹರಣೆ ನೋಡೋಣ. 30 ಮಕ್ಕಳಿಗೆ ಇಷ್ಟದ ಆಟ ಹೇಳಲು ತಿಳಿಸಿ, ಎರಡು ಆಟಗಳನ್ನು ಹೆಸರಿಸಲೂ ಅವಕಾಶ ಕೊಟ್ಟಿದ್ದೇವೆ ಎನ್ನಿ. ಕ್ರಿಕೆಟ್ 21, ಕಬಡ್ಡಿ 18, ಖೋ-ಖೋ 15, ಒಟ್ಟು 54. ಕೋನಗಳು ಕ್ರಮವಾಗಿ 140°, 120°, 100°. ಮೊತ್ತ ಸರಿಯಾಗಿ 360°! ನಕ್ಷೆಯ ಪ್ರಕಾರ ಕಬಡ್ಡಿಯ ಪಾಲು ಮೂರನೇ ಒಂದು. ಆದರೆ 30 ಮಕ್ಕಳಲ್ಲಿ 18 ಮಂದಿಗೆ, ಅಂದರೆ ಶೇಕಡ 60ರಷ್ಟು ಮಕ್ಕಳಿಗೆ, ಕಬಡ್ಡಿ ಇಷ್ಟ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಇಡೀ ವೃತ್ತ ಮಕ್ಕಳನ್ನಲ್ಲ, ಉತ್ತರಗಳನ್ನು ಸೂಚಿಸುತ್ತಿದೆ. ಆದ್ದರಿಂದ ಪಾಠದ ಮೊದಲ ಪ್ರಶ್ನೆ ‘ಎಷ್ಟು ಡಿಗ್ರಿ?’ ಎಂದಲ್ಲ, ‘ಈ ವೃತ್ತ ಯಾವುದರ ಪೂರ್ಣ?’ ಎಂದಿರಬೇಕು.

ಎರಡನೆಯದು, ಪಾಲು ಬೇರೆ, ಸಂಖ್ಯೆ ಬೇರೆ. 40 ಮಕ್ಕಳಲ್ಲಿ 10 ಮಂದಿ, 120 ಮಕ್ಕಳಲ್ಲಿ 30 ಮಂದಿ ಶಾಲೆಗೆ ನಡೆದು ಬಂದರೆ ಎರಡೂ ನಕ್ಷೆಗಳಲ್ಲಿ ಅದೇ 90°. ವೃತ್ತದ ಕೆಳಗೆ ಒಟ್ಟು ಸಂಖ್ಯೆ ಬರೆಯುವ ಅಭ್ಯಾಸ ಮಾಡಿಸದಿದ್ದರೆ ಮಕ್ಕಳು ಇವೆರಡನ್ನೂ ಸಮವೆಂದೇ ಓದುತ್ತಾರೆ.

ಮೂರನೆಯದು, ನಕ್ಷೆಯ ಆಯ್ಕೆ. ವಿಲಿಯಂ ಪ್ಲೇಫೇರ್ 1801ರಲ್ಲಿ ಬಳಸಿದ ಈ ನಕ್ಷೆ ಅರ್ಧ, ಕಾಲು ಭಾಗಗಳನ್ನು ಒಂದೇ ನೋಟಕ್ಕೆ ತೋರಿಸುತ್ತದೆ. ಆದರೆ 19, 20, 21 ಎಂಬ ಸಂಖ್ಯೆಗಳ ಕೋನಗಳು 114°, 120°, 126°. ಯಾವುದು ದೊಡ್ಡದೆಂದು ಕಣ್ಣಿಗೆ ಸುಲಭವಾಗಿ ತಿಳಿಯದು. ಅದೇ ಸಂಖ್ಯೆಗಳನ್ನು ಸ್ತಂಭಾಲೇಖದಲ್ಲಿ ತೋರಿಸಿದರೆ ಕ್ರಮ ಕೂಡಲೇ ಕಾಣುತ್ತದೆ.

ಪರೀಕ್ಷೆಯಲ್ಲಿ ಅಂಕ ಬರುವುದು ರಚನೆಗೆ, ಅವಧಿಯೂ ಸಾಲದು ಎಂಬ ಪ್ರಶಿಕ್ಷಣಾರ್ಥಿಗಳ ಮಾತಿನಲ್ಲಿ ಹುರುಳಿದೆ. ಆದರೆ ಮೊದಲ ಉದಾಹರಣೆಗೆ ಮೊತ್ತ 36 ಇರುವ ದತ್ತಾಂಶ ಆರಿಸಿದರೆ ಒಂದು ಮಗುವಿಗೆ 10°; ಗುಣಾಕಾರ ಬಾಯಲ್ಲೇ ಮುಗಿಯುತ್ತದೆ. ಉಳಿದ ಸಮಯ ಓದಿಗೆ ಸಿಗುತ್ತದೆ.

ಪ್ರತಿ ಪಾಠಯೋಜನೆಯ ಮೌಲ್ಯಮಾಪನ ಹಂತದಲ್ಲಿ ಕೋನಮಾಪಕ ಬೇಡದ ಒಂದು ಪ್ರಶ್ನೆಯಾದರೂ ಇರಲಿ. ಅದು ಇದೆಯೇ ಎಂದು ಅವಲೋಕಕರೂ ನೋಡಲಿ.